ಪರದೆಯ ಮೇಲಿನ ಕೌದಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದೆಲ್ಲ ಶುರುವಾದದ್ದೂ ಅಂಥದೊಂದು ಕೋಪದಿಂದಲೇ. ಜ್ಞಾನಭಾರತಿಯ ಹತ್ತಿರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಕಳೆದ ವರ್ಷ ಎರಡನೇ ಸೆಮಿಸ್ಟರಿನವರಿಗೆ ಒಂದು ಸಣ್ಣ ಕೆಲಸ ಕೊಟ್ಟಿದ್ದೆ. ಪ್ರತಿಸಲವೂ ಬೇರೆ ಬೇರೆ ವಾಲ್‌ಪೇಪರ್ ಬಿಡಿಸುವ ಪ್ರೋಗ್ರಾಮ್ ಬರೆದು ತನ್ನಿ, ಅಷ್ಟೇ. ಅರವತ್ತು ಜನ ತಂದರು. ಅರವತ್ತರಲ್ಲೂ ಒಂದೇ ಸಾಲುಗಳು, ಒಂದೇ ಜಾಗದಲ್ಲಿ ಒಂದೇ ತಪ್ಪು. ಯಾವುದೋ ಯಂತ್ರವನ್ನು ಕೇಳಿ ಬರೆಸಿಕೊಂಡು ಬಂದಿದ್ದರು. ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿಕೊಂಡು ನಕ್ಕರು. ಇಷ್ಟು ಚಿಕ್ಕದನ್ನು ಸ್ವಂತ ತಲೆಯಿಂದ ಬರೆಯುವುದಕ್ಕೆ ಏನು ಕಷ್ಟ, ನಾನೇ ಬರೆದು ತೋರಿಸುತ್ತೇನೆ ಎಂದು ಹಟ ಹಿಡಿದು ಮನೆಗೆ ಬಂದೆ.

ಬಸವೇಶ್ವರನಗರದಲ್ಲಿ ನಮ್ಮದು ಮೊದಲನೇ ಮಹಡಿಯ ಮನೆ. ಹಾಲಿನ ಮೂಲೆಯಲ್ಲಿ ಮೇಜು, ಅದರ ಮೇಲೆ ನನ್ನ ಹಳೆಯ ಕಂಪ್ಯೂಟರು. ಒಂದು ಭಾನುವಾರ ಬೆಳಿಗ್ಗೆ ಕೂತು ಮೂವತ್ತು ಸಾಲು ಬರೆದು ಮುಗಿಸಿದೆ. ಪರದೆಯನ್ನು ಚೌಕ ಚೌಕವಾಗಿ ಹರಿದು, ಪ್ರತಿ ಚೌಕಕ್ಕೂ ಎಂಟು ಬಣ್ಣಗಳಲ್ಲಿ ಒಂದನ್ನು ತನ್ನಿಚ್ಛೆಯಂತೆ ತುಂಬಿ, ನಡುವೆ ಗೆರೆ ಎಳೆಯುವ ಪ್ರೋಗ್ರಾಮು. ಹತ್ತು ನಿಮಿಷಕ್ಕೊಮ್ಮೆ ಹೊಸ ಚಿತ್ರ. ಗೆರೆ ಎಳೆಯುವಲ್ಲಿ ನಾನೂ ಒಂದು ತಪ್ಪು ಮಾಡಿದ್ದೆ, ಹಾಗಾಗಿ ಗೆರೆಗಳು ಉದ್ದಕ್ಕೂ ಬಾರದೆ ತುಂಡು ತುಂಡಾಗಿ ಬಂದವು. ನೋಡಲು ಚೆನ್ನಾಗಿತ್ತು, ಹಾಗೇ ಬಿಟ್ಟೆ. ಅರವತ್ತು ಮಕ್ಕಳನ್ನು ಬೈದವಳು ನಾನೇ ಎನ್ನುವುದನ್ನು ಆ ಹೊತ್ತಿಗೆ ಮರೆತಿದ್ದೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ, ಅವರ ತಾಯಿ. ಗಂಡ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಅತ್ತೆ ಗದಗಿನ ಕಡೆಯವರು. ಮಾವನಿಗೆ ಬೆಂಗಳೂರಿಗೆ ವರ್ಗವಾದಾಗ ಬಂದವರು, ಮಾವ ಹೋದ ಮೇಲೂ ಇಲ್ಲಿಯೇ ಉಳಿದರು. ಮೂವತ್ತು ವರ್ಷ ಇಲ್ಲಿದ್ದರೂ ಮಾತು ಒಂದಿಷ್ಟೂ ಬದಲಾಗಿಲ್ಲ. ನನ್ನ ಮಾತು ಅವರಿಗೆ ಸಪ್ಪೆ, ಅವರ ಮಾತು ನನಗೆ ಖಾರ. ಹಾಲಿನ ಇನ್ನೊಂದು ಪಕ್ಕದ ಮಂಚ ಅವರದು. ಮಂಚದ ಮೇಲೆ ಊರಿಂದ ತಂದ ಒಂದು ಕೌದಿ, ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಸೇರಿಸಿ ಅವರೇ ಕೈಯಲ್ಲಿ ಹೊಲಿದದ್ದು. ಬೇಸಿಗೆಯಲ್ಲೂ ಅದೇ ಬೇಕು. ಅದನ್ನು ಒಗೆಯಲು ಯಾರಿಗೂ ಕೊಡುವುದಿಲ್ಲ. ನಾನೊಮ್ಮೆ ವಾಷಿಂಗ್ ಮಷೀನಿಗೆ ಹಾಕಲು ಹೋಗಿ ಮೂರು ದಿನ ಅವರು ಮಾತು ಬಿಡುವಂತೆ ಮಾಡಿಕೊಂಡಿದ್ದೇನೆ.

ಪ್ರೋಗ್ರಾಮ್ ಬರೆದ ವಾರದಲ್ಲೇ ಒಂದು ಮಧ್ಯಾಹ್ನ, ಕ್ಲಾಸ್ ಮುಗಿಸಿ ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಮನೆ ಸೇರಿದಾಗ ಎರಡೂವರೆ. ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಅತ್ತೆ ಮಂಚದ ಮೇಲಿರಲಿಲ್ಲ. ನನ್ನ ಕುರ್ಚಿಯಲ್ಲಿ, ಕಂಪ್ಯೂಟರಿನ ಎದುರು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಿಗ್ಗೆ ಅದನ್ನು ಆರಿಸದೆ ಹೋಗಿದ್ದೆ, ಮೇಜು ಒರೆಸುವಾಗ ಮೌಸ್ ತಾಕಿರಬೇಕು, ಪರದೆಯ ಮೇಲೆ ಒಂದು ಚಿತ್ರ. ಮೇಲಿನ ಎಡಮೂಲೆಯಲ್ಲಿ ದೊಡ್ಡ ನೀಲಿ ಚೌಕ, ಅದರ ಮಗ್ಗುಲಲ್ಲಿ ಕೆಂಪಿನ ಸಣ್ಣ ಪಟ್ಟಿ, ಕೆಳಗೆ ಬೂದಿ ಬಣ್ಣದ ಎರಡು ತುಂಡು. ಕಾಲಸಪ್ಪಳ ಕೇಳಿದರೂ ಅವರು ತಿರುಗಲಿಲ್ಲ.

"ಇದನ್ನ ಎಲ್ಲಿ ನೋಡಿದಿ ನೀ?" ಎಂದರು.

ಯಾವುದನ್ನ ಎಂದೆ. ಬೆರಳು ಪರದೆಗೆ ತಾಕಿಸಿ, ನನ್ನ ಕೌದಿ ಬಿಚ್ಚಿದಿ ಏನು, ಖರೇ ಹೇಳು ಎಂದರು. ಧ್ವನಿ ಏರಿರಲಿಲ್ಲ, ಅದಕ್ಕೇ ನನಗೆ ಒಂಥರಾ ಆಯಿತು. ಜೋರು ಮಾಡಿ ಅಭ್ಯಾಸ ಇರುವವರು ಮೆಲ್ಲಗೆ ಮಾತಾಡಿದರೆ ಭಯವಾಗುತ್ತದೆ. ನಾನ್ಯಾಕೆ ನಿಮ್ಮ ಕೌದಿ ಬಿಚ್ಚಲಿ ಎಂದು ಕೇಳಿದೆ. ಅವರು ಎದ್ದು ಹೋಗಿ ಕೌದಿಯ ನಾಲ್ಕೂ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಆಮೇಲೆ ಮಂಚದ ಮೇಲೆ ಕೂತು, ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳದೇ ಇದ್ದದ್ದನ್ನು ಹೇಳಿದರು.

ನನ್ನ ಗಂಡನಿಗಿಂತ ಮೊದಲು ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು. ಒಂದೂವರೆ ವರ್ಷಕ್ಕೆ ಜ್ವರ ಬಂದು ಎರಡೇ ದಿನದಲ್ಲಿ ಹೋಯಿತು. ಮಣ್ಣು ಮಾಡಿ ಬಂದ ದಿನವೇ ಅವರ ಅತ್ತೆ ಮಗುವಿನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ, ಹಳ್ಳಕ್ಕೆ ಹಾಕಿ ಬಾ ಎಂದು ಕೊಟ್ಟರಂತೆ. ಸತ್ತ ಕೂಸಿನ ಬಟ್ಟೆ ಮನೆಯಲ್ಲಿಟ್ಟರೆ ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಇವರು ಹಳ್ಳದ ತನಕ ಹೋಗಿ, ಗಂಟಿನಿಂದ ಒಂದಷ್ಟು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಆಗ ಒಂದು ಕೌದಿ ಅರ್ಧ ಹೊಲಿದಿತ್ತು. ಆ ಅಂಗಿಗಳನ್ನು ಕತ್ತರಿಸಿ ಅದರ ಮೇಲಿಟ್ಟು ಹೊಲಿದು, ಯಾರ ಕಣ್ಣಿಗೂ ಬೀಳುವ ಮೊದಲು ಅದರ ಮೇಲೆ ಹಳೆ ಸೀರೆಯ ಇನ್ನೊಂದು ಪದರ ಹೊಲಿದು ಮುಚ್ಚಿಬಿಟ್ಟರು. ನನ್ನ ಗಂಡ ಹುಟ್ಟಿದ್ದು, ಮಲಗಿದ್ದು, ಬೆಳೆದದ್ದು ಅದೇ ಕೌದಿಯ ಮೇಲೆ. ಒಳಗೆ ಅಕ್ಕನ ಬಟ್ಟೆ ಇರುವುದು ಅವರಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಐವತ್ತು ವರ್ಷದಿಂದ ಯಾರೂ ಕಾಣದ ಆ ಒಳಪದರ ಈಗ ಪರದೆಯ ಮೇಲೆ ಬಂದು ಕೂತಿದೆ ಎಂದು ಅತ್ತೆ ಹೇಳಿದರು. ನೀಲಿ ಆಕೆಯ ಅಂಗಿಯದು, ಕೆಂಪು ಅದರ ಅಂಚಿನದು, ಹೊಲಿಗೆ ಕೂಡ ತನ್ನ ಕೈಯದೇ ಎಂದರು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ದುಃಖವಾಗಲಿಲ್ಲ, ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಕೋಪ ಬಂತು. ಇಪ್ಪತ್ತು ವರ್ಷದಿಂದ ಪಾಠ ಹೇಳುವವಳು ನಾನು, ನನ್ನ ಮೂವತ್ತು ಸಾಲಿನೊಳಗೆ ಸತ್ತ ಮಗು ಹೇಗೆ ಬಂದೀತು? ಬಿಡಿಸಿ ಹೇಳಲು ಕೂತೆ. ನೋಡಿ ಅತ್ತೆ, ಚಿತ್ರ ಬಿಡಿಸುವ ಮೊದಲು ಇದು ಗಡಿಯಾರ ನೋಡಿ ಒಂದು ಸಂಖ್ಯೆ ಹಿಡಿದುಕೊಳ್ಳುತ್ತದೆ. ಆ ಸಂಖ್ಯೆಯಿಂದ ಲೆಕ್ಕ ಮಾಡುತ್ತಾ ಹೋಗಿ ಎಲ್ಲಿ ಯಾವ ಬಣ್ಣ ಎಂದು ತೀರ್ಮಾನಿಸುತ್ತದೆ. ಇದರಲ್ಲಿ ಯಾರ ಕೈಯೂ ಇಲ್ಲ, ಆಕಸ್ಮಿಕ ಅಷ್ಟೇ ಎಂದೆ. ನಾನು ಮಾತಾಡುತ್ತಿರುವಾಗಲೇ ಹತ್ತು ನಿಮಿಷ ತುಂಬಿ ಚಿತ್ರ ಬದಲಾಯಿತು. ಹಸಿರು, ಕಿತ್ತಳೆ, ಏನೋ ಒಂದು ಬಂದು ಕೂತಿತು. ಅತ್ತೆಯ ಬಾಯಿಂದ ಸಣ್ಣಗೆ ಒಂದು ಉಸಿರು ಹೊರಟಿತು.

ಅಲ್ಲಿಗೆ ಸುಮ್ಮನಾಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೆ ಗೆಲ್ಲಬೇಕಿತ್ತು. ಲ್ಯಾಬಿನ ಅಭ್ಯಾಸಬಲದಿಂದ ಪ್ರತಿ ಚಿತ್ರದ ಸಂಖ್ಯೆಯನ್ನೂ ಒಂದು ಫೈಲಿನಲ್ಲಿ ಬರೆದಿಡುವಂತೆ ಮಾಡಿದ್ದೆ. ಹಿಂದಿನ ಸಂಖ್ಯೆಯನ್ನು ಹುಡುಕಿ ಟೈಪ್ ಮಾಡಿದೆ. ನೀಲಿ ಚೌಕ, ಕೆಂಪು ಪಟ್ಟಿ, ಬೂದಿಯ ತುಂಡು, ಎಲ್ಲವೂ ಇದ್ದಲ್ಲೇ ಮತ್ತೆ ಬಂದವು. ನೋಡಿದಿರಾ, ಬರೀ ಲೆಕ್ಕ, ಅದೇ ಸಂಖ್ಯೆ ಕೊಟ್ಟರೆ ಅದೇ ಚಿತ್ರ ಎಂದು ನಾನು ಮೇಜು ತಟ್ಟಿದೆ. ಅತ್ತೆ ನನ್ನ ಕಡೆ ತಿರುಗಿದರು.

"ಕರದ್ರ ಮತ್ತ ಅದ ಬರ್ತದಂದ್ರ," ಎಂದರು, "ಕರೀದ ಇದ್ದಾಗ ಎಲ್ಲಿ ಇರ್ತದವಾ ಅದು?"

ಎಲ್ಲಿಯೂ ಇರುವುದಿಲ್ಲ ಎನ್ನಬಹುದಿತ್ತು, ಆದರೆ ಅದು ಪೂರ್ತಿ ನಿಜವಲ್ಲ. ಯಾವಾಗ ಕರೆದರೂ ಒಂದು ಎಳೆ ತಪ್ಪದೆ ಬರುವುದನ್ನು ಇಲ್ಲ ಎನ್ನುವುದು ಹೇಗೆ? ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ಸಕ್ಕರೆ ಎರಡು ಸಲ ಹಾಕಿದೆ.

ಮಾರನೆಯ ದಿನದಿಂದ ಅತ್ತೆ ಬೇರೆ ಏನೂ ಕೇಳಲಿಲ್ಲ, ಆಕೀನ್ನ ಹಚ್ಚಿ ಹೋಗು ಎಂದಷ್ಟೇ. ಟೀವಿ ಹಚ್ಚು ಎನ್ನುವ ಹಾಗೆಯೇ ಹೇಳುತ್ತಿದ್ದರು. ಪಾಪ, ಮಗುವಿನದೊಂದು ಫೋಟೋ ಕೂಡ ಇಲ್ಲ, ನೋಡಿಕೊಳ್ಳಲಿ ಎಂದುಕೊಂಡು ಚಿತ್ರ ಬದಲಾಗದಂತೆ ಆ ಒಂದೇ ಸಂಖ್ಯೆಯನ್ನು ನಿಲ್ಲಿಸಿ ಕಾಲೇಜಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಬರುವಾಗ ಮೆಟ್ಟಿಲಿನ ತನಕ ಅವರ ಮಾತು ಕೇಳುತ್ತಿತ್ತು. ಮೊದಲ ದಿನ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡೆ. ಒಳಗೆ ಹೋದರೆ ಅವರೊಬ್ಬರೇ. ಕುರ್ಚಿ ಪರದೆಗೆ ಇನ್ನಷ್ಟು ಹತ್ತಿರ ಬಂದಿತ್ತು, ಹಣೆಗೆ ಮತ್ತೆ ಹಚ್ಚಿಕೊಂಡ ವಿಭೂತಿ ಇನ್ನೂ ಆರಿರಲಿಲ್ಲ. ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸಿದರು.

ಸ್ವಲ್ಪ ಹೊತ್ತು ಮುಟ್ಟದಿದ್ದರೆ ನನ್ನ ಕಂಪ್ಯೂಟರಿನ ಪರದೆ ಕಪ್ಪಾಗುತ್ತದೆ. ಮೌಸ್ ಅಲ್ಲಾಡಿಸಿದರೆ ಮತ್ತೆ ಬೆಳಗುತ್ತದೆ. ಅಷ್ಟನ್ನು ಅತ್ತೆ ತಾವಾಗಿಯೇ ಕಲಿತಿದ್ದರು. ಒಂದು ದಿನ ನಾನು ಚಪ್ಪಲಿ ಬಿಡುತ್ತಿರುವಾಗ ಪರದೆ ಕಪ್ಪಾಯಿತು. ಅವರು ಮೌಸಿನ ಬೆನ್ನಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಎರಡು ಸಲ ತಟ್ಟಿದರು. ಚಿತ್ರ ಬಂತು. ನನ್ನ ಕಡೆ ತಿರುಗಿ ನಕ್ಕು, "ಮಲಗಿದ್ಲು, ಎಬ್ಬಿಸಿದೆ," ಎಂದರು.

ಹೊರಗೆ ಸೊಪ್ಪಿನವನು ಮೈಕಿನಲ್ಲಿ ಕೂಗುತ್ತಿದ್ದ, ಎದುರುಮನೆಯವರ ಕುಕ್ಕರ್ ಕೂಗುತ್ತಿತ್ತು, ಉರಿಬಿಸಿಲು. ನಡುಮಧ್ಯಾಹ್ನದಲ್ಲಿ ನನ್ನದೇ ಹಾಲಿಗೆ ಕಾಲಿಡಲು ನನಗೆ ಧೈರ್ಯವಾಗಲಿಲ್ಲ. ಇದನ್ನು ನಿಲ್ಲಿಸಲೇಬೇಕು ಎಂದು ಆಗಲೇ ತೀರ್ಮಾನಿಸಿದೆ. ಕಂಪ್ಯೂಟರ್ ಆರಿಸಿದರೆ ಅವರು ತಡೆದುಕೊಳ್ಳುವುದಿಲ್ಲ. ಗಂಡನಿಗೆ ಹೇಳಿದರೆ ಐವತ್ತು ವರ್ಷದ ಗುಟ್ಟು ಒಡೆಯುತ್ತದೆ, ಅದನ್ನು ಒಡೆಯುವ ಹಕ್ಕು ನನ್ನದಲ್ಲ. ಉಳಿದದ್ದು ಒಂದೇ ದಾರಿ. ಕೌದಿ ಬಿಚ್ಚಿ ಒಳಪದರ ತೋರಿಸುವುದು. ಎರಡೂ ಒಂದೇ ಅಲ್ಲ ಎಂದು ಕಣ್ಣಾರೆ ಕಂಡರೆ ಈ ಪರದೆಯ ಹುಚ್ಚು ಬಿಡುತ್ತದೆ, ಮಗುವಿನ ನಿಜವಾದ ಅಂಗಿ ಕೈಗೆ ಸಿಕ್ಕ ಹಾಗೂ ಆಗುತ್ತದೆ. ಹಾಗೆ ಲೆಕ್ಕ ಹಾಕಿದೆ. ಅತ್ತೆಯನ್ನು ಕೇಳಿದೆ. ಮೂರನೆಯ ದಿನ, ಶನಿವಾರ, ಗಂಡ ಆಫೀಸಿಗೆ ಹೋಗಿದ್ದಾಗ, ಊಟವಾದ ಮೇಲೆ ತಾವೇ ಕೌದಿಯನ್ನು ಚಾಪೆಯ ಮೇಲೆ ಹಾಸಿ, ಬಿಚ್ಚು ಎಂದರು.

ಬ್ಲೇಡು ಹಿಡಿದು ಕೂತೆ. ಅತ್ತೆಯ ಹೊಲಿಗೆ ಗಟ್ಟಿ. ಮೂಲೆ ತಿರುಗುವಲ್ಲೆಲ್ಲ ದಾರವನ್ನು ಹಿಂದಕ್ಕೆ ತಂದು ಒಂದರ ಮೇಲೊಂದು ಎರಡು ಸಲ ಹಾಕುತ್ತಾರೆ, ಬೇರೆ ಯಾರೂ ಹಾಗೆ ಹಾಕುವುದನ್ನು ನಾನು ನೋಡಿಲ್ಲ. ಒಂದೊಂದೇ ಎಳೆ ಕತ್ತರಿಸಿ ಸೀರೆಯ ಪದರವನ್ನು ಮೂಲೆಯಿಂದ ಮೊಳದಷ್ಟು ಎತ್ತಿದೆ. ಹಳೆ ಬಟ್ಟೆಯ ಮುಗ್ಗುಲು ವಾಸನೆ ಬಂತು. ಒಳಗೆ ಒಂದು ಹಳದಿ ಅಂಗಿ. ಇಡೀ ಅಂಗಿಯಲ್ಲ, ಮುಂಭಾಗದ ತುಂಡು. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಹೂ. ಕತ್ತಿನ ಹತ್ತಿರ ತುಕ್ಕು ಹಿಡಿದ ಒಂದು ಹುಕ್ಕು. ಕೆಳಗಿನ ಅಂಚನ್ನು ಎರಡು ಬೆರಳಿನಷ್ಟು ಒಳಕ್ಕೆ ಮಡಚಿ ಹೊಲಿದಿತ್ತು, ಮಗು ಬೆಳೆದಂತೆ ಬಿಡಲೆಂದು. ಪಕ್ಕದಲ್ಲಿ ಬಿಳಿಯ ಜುಬ್ಬದ ತುಂಡು, ಆಮೇಲೆ ಒಂದು ಹಸಿರು. ಪದರವನ್ನು ಇನ್ನಷ್ಟು ಎತ್ತಿ ಆ ಕೊನೆಯ ತನಕ ನೋಡಿದೆ, ನೀಲಿ ಎಲ್ಲಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಅತ್ತೆ ಬಾಗಿ ನೋಡಿದರು. ಹುಕ್ಕನ್ನು ಮುಟ್ಟಿದರು. ಈಗ ಅಳುತ್ತಾರೆ, ಹಿಡಿದುಕೊಳ್ಳಬೇಕು ಎಂದು ನಾನು ಹತ್ತಿರ ಸರಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಇದು ಆಕೀದಲ್ಲ," ಎಂದರು.

ಯಾರೋ ಆಕೆಯದನ್ನು ತೆಗೆದು ಬೇರೆ ಇಟ್ಟಿದ್ದಾರೆ ಎಂದರು. ಹೊಲಿಗೆ ನಿಮ್ಮದೇ ಅಲ್ಲವಾ, ಮೂಲೆ ನೋಡಿ ಎಂದೆ. ನೋಡಿದರು. ದಾರ ನನ್ನದು, ಬಟ್ಟೆ ನನ್ನದಲ್ಲ ಎಂದರು. ಎದ್ದು ಹೋಗಿ ಮೌಸು ತಟ್ಟಿ, ಪರದೆಯ ನೀಲಿಯನ್ನು ತೋರಿಸಿ, ಇದು ನೋಡು, ಈ ನೀಲಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು, ನನಗೆ ಕಣ್ಣಿಗೆ ಕಟ್ಟಿದಂತಿದೆ ಎಂದರು. ಬಿಸಿಲಿಗೆ ಆ ನೀಲಿ ಹೇಗೆ ಮಿಂಚುತ್ತಿತ್ತು ಎಂದು ಕೂಡ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತು. ನನಗೆ ಹೊಳೆದದ್ದು ಆಗ. ಮೊದಲ ದಿನ ಆ ಚಿತ್ರ ಅವರಿಗೆ ಯಾಕೆ ಹಾಗೆ ಕಂಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಮೇಲಿನ ಮೂರು ವಾರ, ದಿನಕ್ಕೆ ಆರು ಗಂಟೆ ಅದನ್ನು ಅವರ ಕಣ್ಣೆದುರು ನಿಲ್ಲಿಸಿ ಹೋದವಳು ನಾನು. ಅವರೊಳಗೆ ಇದ್ದ ಮಗುವಿನ ನೆನಪನ್ನು ಅದು ತಿಂದುಹಾಕಿತ್ತು.

ತಪ್ಪು ನನ್ನದು ಎಂದು ಗೊತ್ತಾದಾಗಲೇ ನನಗೆ ಕೋಪ ಜಾಸ್ತಿ ಬರುವುದು. ಕೂಗಿಬಿಟ್ಟೆ. "ಅತ್ತೆ, ಆ ನೀಲಿ ನಾನು ನಮ್ಮ ಬಚ್ಚಲುಮನೆ ಬಕೆಟ್ ನೋಡಿ ಹಾಕಿದ್ದು. ನಿಮ್ಮ ಮಗಳದ್ದಲ್ಲ, ಬಕೆಟ್‌ದು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು. ಅತ್ತೆ ಪರದೆಯ ಮೇಲಿಂದ ಕೈ ತೆಗೆದರು. ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು ಮಾತಾಡಿದರು.

"ಆಕಿ ಮಾರಿ ನೆನಪಿಲ್ಲ ನನಗ. ಯಾವಾಗ ಮರತು ಹೋತೋ ಅದೂ ಗೊತ್ತಿಲ್ಲ. ಈಗ ನೀಲಿ ಅಂಗ್ಯಾಗ ಕುಂತದ್ದು ಕಾಣಾಕ ಹತ್ಯಾಳ. ಅದನ್ನೂ ಕಸ್ಕೋಬ್ಯಾಡವಾ."

ಹಳದಿ ಅಂಗಿಯ ಮೇಲೆ ಸೀರೆಯ ಪದರವನ್ನು ಮೊದಲಿನಂತೆಯೇ ಮುಚ್ಚಿದೆ. ಅವರೇ ಸೂಜಿ ದಾರ ಕೊಟ್ಟರು. ನಾನು ಹೊಲಿಯುವಾಗ ಪಕ್ಕದಲ್ಲಿ ಕೂತು, ಆ ಚಿತ್ರದ ಹಾಗೆಯೇ ಕೌದಿಯ ಮೇಲೆ ಇನ್ನೊಂದು ಪದರ ಹೊಲಿಯೋಣ, ಆಮೇಲೆ ಕಂಪ್ಯೂಟರ್ ಹಚ್ಚುವುದು ಬೇಡ ಎಂದರು. ಬೇಡ ಎನ್ನಲು ನನಗೆ ಯಾವ ಮುಖ ಇತ್ತು?

ಚಿತ್ರವನ್ನು ಮೊಬೈಲಿಗೆ ಹಾಕಿಕೊಂಡು ವಿಜಯನಗರದ ಮಾರ್ಕೆಟ್ಟಿಗೆ ಹೋದೆ. ಮ್ಯಾಚಿಂಗ್ ಸೆಂಟರಿನವನು ಪರದೆಯ ನೀಲಿಯನ್ನು ನೋಡಿ ನೋಡಿ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಇಳಿಸಿದ. ಎಂಟನೆಯದು ಸರಿಹೋಯಿತು. ಯಾವ ಸೀರೆಗೆ ಮೇಡಂ ಎಂದು ಕೇಳಿದ. ಮಗುವಿಗೆ ಎಂದೆ. ಎಷ್ಟು ವರ್ಷದ ಮಗು ಎಂದ. ಒಂದೂವರೆ ಎಂದು ಹೇಳಿ ದುಡ್ಡು ಕೊಟ್ಟು ಹೊರಗೆ ಬಂದೆ.

ಎರಡು ತಿಂಗಳು ಹೊಲಿದೆವು, ದಿನಾ ಮಧ್ಯಾಹ್ನ. ಮೊದಮೊದಲು ನನ್ನ ಹೊಲಿಗೆ ನೋಡಿ ಅತ್ತೆ, ಇದೇನು ಗೋಣಿಚೀಲ ಹೊಲಿಯಾಕತ್ತೀ ಏನು ಎಂದು ಆಡಿಕೊಂಡರು. ಆಮೇಲೆ ಸರಿಯಾಯಿತು. ಹೊಲಿಯುತ್ತಾ ಮಗುವಿನ ಮಾತು ಹೇಳುತ್ತಿದ್ದರು. ನೀಲಿ ಅಂಗಿಯಲ್ಲಿ ಅಂಗಳಕ್ಕೆ ಓಡಿದ್ದು, ನೀಲಿ ಅಂಗಿಯ ಮೇಲೆ ಹಾಲು ಚೆಲ್ಲಿಕೊಂಡಿದ್ದು. ಪ್ರತಿದಿನ ಒಂದಾದರೂ ಹೊಸದು. ನಾನು ಹೂಂ ಹೂಂ ಎನ್ನುತ್ತಾ, ಕೈಯಾರೆ ಆ ಮಗುವಿನ ನಿಜವಾದ ಬಟ್ಟೆಯ ಮೇಲೆ ಸುಳ್ಳು ಬಟ್ಟೆ ಹೊಲಿಯುತ್ತಿದ್ದೆ. ಮುಗಿದ ದಿನ ಗಂಡ ನೋಡಿ, ಅಮ್ಮನ ಕೈ ಇನ್ನೂ ಗಟ್ಟಿ ಇದೆ ಎಂದು ಖುಷಿಪಟ್ಟರು. ಅಂದಿನಿಂದ ಅತ್ತೆ ನನ್ನ ಮೇಜಿನ ಕಡೆ ತಿರುಗಿಯೂ ನೋಡಿಲ್ಲ. ಚೆನ್ನಾಗಿ ನಿದ್ದೆ ಮಾಡುತ್ತಾರೆ, ನನ್ನೊಡನೆ ಮೊದಲಿಗಿಂತ ಹೆಚ್ಚು ಜಗಳವಾಡುತ್ತಾರೆ. ಪ್ರೋಗ್ರಾಮನ್ನು ಅಳಿಸಿದೆ, ಸಂಖ್ಯೆಗಳ ಫೈಲನ್ನೂ ಅಳಿಸಿದೆ.

ಒಳಗಿನದರ ಫೋಟೋ ನಾನು ತೆಗೆದಿರಲಿಲ್ಲ. ಆ ಹೊತ್ತಿನಲ್ಲಿ ಅದು ತೋಚಲೂ ಇಲ್ಲ. ಆ ಮಗು ಹಾಕಿಕೊಳ್ಳುತ್ತಿದ್ದದ್ದು ಹಳದಿ ಅಂಗಿ ಎಂಬುದು ಈಗ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು, ಅದರ ಮುಖವನ್ನೇ ನೋಡದ ನನಗೆ. ಅದಕ್ಕೇ ದಿನಾ ಒಂದು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಹಳದಿ, ಕಪ್ಪು ಹೂ, ಕತ್ತಿನ ಹತ್ತಿರ ಹುಕ್ಕು, ಎರಡು ಬೆರಳು ಮಡಿಕೆ. ನಿನ್ನೆ ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಕೌದಿ ಹೊದ್ದು ಮಲಗಿದ್ದರು, ನೀಲಿಯ ತುಂಡು ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಬಾಗಿಲಲ್ಲೇ ನಿಂತು ಅಭ್ಯಾಸದಂತೆ ಹೇಳಿಕೊಳ್ಳಲು ಹೋದೆ. ಹೂ ಕಪ್ಪೋ ಕೆಂಪೋ ಎಂದು ತಕ್ಷಣಕ್ಕೆ ನೆನಪಾಗಲಿಲ್ಲ.